ಒಂದೇ ಮನೆ, ಎರಡು ಹಡಗು

ಕಿಟಕಿ ಪರದೆ ಹೊಲಿಯುವುದರಲ್ಲಿ ಆಕೆಯದು ಎತ್ತಿದ ಕೈ. ಬೀದಿಗೆಲ್ಲ ಅವಳು ಪರದೆಯಕ್ಕ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೆಳಗಾದರೆ ಮೆಷಿನ್ ಶುರು, ಜೊತೆಗೆ ಅವಳ ಮಾತೂ ಶುರು. ಲಿಫ್ಟ್ ರಿಪೇರಿ ಕೆಲಸದಿಂದ ನಿವೃತ್ತನಾದ ಗಂಡನಿಗೆ ಬೀದಿಯವರು ಮೌನಿ ಎಂದು ಅಡ್ಡಹೆಸರಿಟ್ಟಿದ್ದರು. ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ, ಅದರಾಚೆ ಮಾತಿಲ್ಲ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅವಳು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದಳು.

ಅವರ ಮದುವೆಗೆ ಮೂವತ್ತು ವರ್ಷ ತುಂಬಿದ ನೆಪದಲ್ಲಿ ಮಗಳು ಅಳಿಯ ಸೇರಿ ಇಬ್ಬರನ್ನೂ ಹಡಗಿನ ಪ್ರವಾಸಕ್ಕೆ ಕಳಿಸಲು ನಿಂತರು. ಯಾವ ಹಡಗು ಬೇಕೋ ನೀವೇ ನೋಡಿಕೊಳ್ಳಿ ಎಂದರು. ಟ್ರಾವೆಲ್ ಆಫೀಸಿನ ಹುಡುಗಿ ಎರಡು ಹಡಗುಗಳ ಚಿತ್ರಗಳನ್ನು ಮೇಜಿನ ಮೇಲೆ ಹರವಿದಳು. ಎರಡೂ ಒಂದು ಬಡಾವಣೆಯೇ ನೀರಿಗಿಳಿದಷ್ಟು ದೊಡ್ಡವು. ಒಂದೇ ಬಂದರಿನಿಂದ ಹೊರಟು, ನಡುವೆ ಒಂದೇ ದ್ವೀಪದಲ್ಲಿ ನಿಂತು ಬರುವಂಥವು. ಒಂದರಲ್ಲಿ ಜಾರುಬಂಡೆಯಿದ್ದ ಈಜುಕೊಳ, ಹಾಡು, ಕುಣಿತ, ಹೊತ್ತು ಹೊತ್ತಿಗೂ ಗದ್ದಲ. ಇನ್ನೊಂದರಲ್ಲಿ ಪುಸ್ತಕದ ಕೋಣೆ, ಅಗಲವಾದ ಡೆಕ್ಕು, ಸಾಲು ಸಾಲು ಒರಗುಕುರ್ಚಿ.

ಈ ಎರಡನೆಯದರ ಪರದೆಗಳಿಗೆ ನೆರಿಗೆಯೇ ಸಾಲದು ಎಂದು ತಳ್ಳಿಹಾಕಿ ಪರದೆಯಕ್ಕ ಮೊದಲನೆಯದನ್ನೇ ಆರಿಸಿದಳು. ಹೂಂ ಎನ್ನಲಿ ಎಂದು ಗಂಡನ ಕಡೆ ತಿರುಗಿದಳು.

ಅವನು ಎರಡನೆಯ ಚಿತ್ರದ ಮೇಲೆ ಬೆರಳಿಟ್ಟ. "ನೀನು ಅದರಲ್ಲಿ ಹೋಗು. ನಾನು ಇದರಲ್ಲಿ ಹೋಗ್ತೀನಿ."

ತಮಾಷೆಯೆಂದು ಅವಳು ನಗಲು ನೋಡಿದಳು. ಅವನ ಮುಖದಲ್ಲಿ ನಗುವಿರಲಿಲ್ಲ. ಆಫೀಸಿನ ಹುಡುಗಿ ಕಂಪ್ಯೂಟರಿನಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು. ಪರದೆಯಕ್ಕ ಚೀಲ ಎತ್ತಿಕೊಂಡು ಎದ್ದಳು. ಬಸ್ ಸ್ಟಾಪಿಗೆ ಬಂದ ಮೇಲೆ ಕೇಳಿದಳು.

"ನನ್ನ ಮೇಲೆ ಸಿಟ್ಟೇನ್ರೀ?"

"ಸಿಟ್ಟಿಲ್ಲ ಕಣೇ. ಆ ಮೆಷಿನ್ ಸದ್ದು, ಅದರ ಮೇಲೆ ನಿನ್ನ ಮಾತು. ನಡುವೆ ನಾನೇನು ಹೇಳಿದ್ರೂ ನಿಂಗೆ ಕೇಳಿಸ್ತಿರಲಿಲ್ಲ. ಬರ್ತಾ ಬರ್ತಾ ಹೇಳೋದೇ ಬಿಟ್ಟುಬಿಟ್ಟೆ."

ಕಪಾಳಕ್ಕೆ ಹೊಡೆದಿದ್ದರೂ ಅವಳು ಅಷ್ಟು ತತ್ತರಿಸುತ್ತಿರಲಿಲ್ಲ. ತಾನು ಅವನ ಸ್ವಭಾವ ಎಂದುಕೊಂಡಿದ್ದು, ಅವನು ಸೋತು ಸುಮ್ಮನಾದದ್ದೇ? ಮಗಳು ಎಷ್ಟು ಸಮಾಧಾನ ಹೇಳಿದರೂ ಅವಳು ಹಟ ಬಿಡಲಿಲ್ಲ. ಆಗಲಿ, ಬೇರೆ ಬೇರೆಯೇ ಹೋಗೋಣ ಎಂದು ತನ್ನ ಹಡಗು ಹತ್ತಿಯೇಬಿಟ್ಟಳು. ಹತ್ತಿದ ಮೇಲೆ ಜಾರುಬಂಡೆ ಬೇಕಾಗಲಿಲ್ಲ, ಹಾಡು ರುಚಿಸಲಿಲ್ಲ.

ದ್ವೀಪದಲ್ಲಿ ಎರಡೂ ಹಡಗುಗಳು ಅಕ್ಕಪಕ್ಕ ನಿಂತವು. ಇಳಿದು ನಡೆಯುತ್ತಿದ್ದವಳಿಗೆ ಕಾಫಿ ಅಂಗಡಿಯ ಮುಂದೆ ಒಂದು ಗುಂಪು ಕಂಡಿತು. ನಡುವೆ ಕೂತು, ಕೈ ಬೀಸಿ ಬೀಸಿ ಮಾತಾಡುತ್ತಿದ್ದವನು ಅವಳ ಗಂಡ. ಕಣ್ಣನ್ನು ನಂಬಲಾಗದೆ ಅವಳು ಬೆನ್ನ ಹಿಂದೆ ಬಂದು ನಿಂತಳು.

ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನ ಕಥೆ ಅದು. ಒಳಗೆ ಹೆರಿಗೆನೋವು ಬಂದ ಹೆಂಗಸು. ಮೇಲಿನ ಕಿಂಡಿಯಿಂದ ಇಳಿದ ಅವನ ಕೈಗೇ ಮಗು ಬಂದಿತ್ತು. ತೊಟ್ಟಿದ್ದ ಅಂಗಿ ಬಿಚ್ಚಿ ಮಗುವನ್ನು ಅದರಲ್ಲಿ ಸುತ್ತಿ ಎದೆಗವಚಿಕೊಂಡಿದ್ದನಂತೆ.

"ಹೇಳೋಣ ಅಂತ ಮನೆಗೆ ಓಡಿ ಬಂದೆ," ಎನ್ನುತ್ತ ತಿರುಗಿದವನು ಹೆಂಡತಿಯನ್ನು ಕಂಡು ಮಾತು ನಿಲ್ಲಿಸಿದ.

ಅವಳಿಗೆ ಆ ಸಂಜೆ ನೆನಪಾಯಿತು. ರಕ್ತದ ಕಲೆಯಾದ ಅಂಗಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬಿಸಿನೀರಲ್ಲಿ ಹಾಕಬೇಡಿ, ಕಲೆ ಕೂತುಬಿಡುತ್ತೆ ಎಂದು ಮೆಷಿನ್ ನಿಲ್ಲಿಸದೆ ಹೇಳಿದ್ದಳು. ಯಾರ ರಕ್ತ ಎಂದು ಕೇಳಿರಲಿಲ್ಲ. ಯಾರೋ ಸರಿಸಿಕೊಟ್ಟ ಕುರ್ಚಿಯಲ್ಲಿ ಕೂತಳು.

"ಹೇಳಿ," ಎಂದಳು. "ಮೊದಲಿಂದ ಹೇಳಿ."

ಅವನು ಹೇಳಿದ. ಗುಂಪಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ನಡುವೆ ಒಂದು ಮಾತೂ ಆಡಲಿಲ್ಲ. ಹೊರಡುವ ಹೊತ್ತಾದಾಗ ಇಬ್ಬರೂ ಎದ್ದು ಅವರವರ ಹಡಗಿಗೆ ಹೋದರು.

ಈಗ ಮನೆಯಲ್ಲಿ ಸಂಜೆಯಾದರೆ ಮೆಷಿನ್ ನಿಲ್ಲುತ್ತದೆ; ಅವನು ಏನಾದರೂ ಹೇಳುತ್ತಾನೆ, ಅವಳು ಕೇಳುತ್ತಾಳೆ. ಇದನ್ನೂ ನಾನು ಕೇಳದೆಹೋಗಿದ್ದೆನೇ ಎಂದು ಒಂದೊಂದು ಸಂಗತಿಗೂ ಅವಳ ಎದೆ ಧಸಕ್ಕೆನ್ನುತ್ತದೆ.