ರಾನ್ ಅಂಕಲ್ ಪೀಪಾಯಿಗೆ ಎರಡು ಮುಷ್ಟಿ ಕೊಸರು

ಲಂಡನ್ನಿಗೆ ಬಂದ ಆರನೆಯ ತಿಂಗಳು ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ಕೇಳಿದರು: "ಬಿಯರ್ ಮಾಡಲು ಸ್ವಲ್ಪ ಸಹಾಯ ಮಾಡುತ್ತೀಯಾ?" ಧಾರವಾಡದ ನಮ್ಮ ಓಣಿಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ ಅವರ ಮನೆಯ ಕಡೆ ಮತ್ತೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಇಲ್ಲಿ ನಾನು ಹೂಂ ಅಂದುಬಿಟ್ಟೆ. ಆರು ತಿಂಗಳಿನಿಂದ ಆ ಬೀದಿಯಲ್ಲಿ ಯಾರಿಗೂ ನನ್ನಿಂದ ಏನೂ ಬೇಕಾಗಿರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಕಿಂಗ್ಸ್‌ಬರಿಯಲ್ಲಿ ನಮ್ಮದು ಬಾಡಿಗೆ ಮನೆ. ನಮ್ಮವರು ಬೆಳಿಗ್ಗೆ ಅಕ್ಸ್‌ಬ್ರಿಡ್ಜ್‌ನ ಆಫೀಸಿಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ವೆಂಬ್ಲಿಗೆ ಹೋದರೆ ತೊಗರಿಬೇಳೆ, ಕರಿಬೇವು, ಹುಡುಕಿದರೆ ಜೋಳದ ಹಿಟ್ಟೂ ಸಿಗುತ್ತಿತ್ತು. ಸಿಗದಿದ್ದವರೆಂದರೆ, ಹಿತ್ತಲ ಬಾಗಿಲಿನಿಂದ "ಏನ್ ಮಾಡಾಕತ್ತೀಯವಾ?" ಅನ್ನುತ್ತ ಒಳಗೇ ಬಂದುಬಿಡುವವರು. ಇಲ್ಲಿಯ ನೆರೆಯವರು ಹವಾಮಾನದ ವರದಿ ಒಪ್ಪಿಸಿ ಬಾಗಿಲು ಹಾಕಿಕೊಳ್ಳುತ್ತಾರೆ.

ಮುದುಕರ ಹೆಸರು ರಾನ್. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳದೆ ನಾನೇ ಅಂಕಲ್ ಸೇರಿಸಿಕೊಂಡಿದ್ದೆ. ಒಮ್ಮೆ ನಾನು ಕೊಟ್ಟ ಇಡ್ಲಿ ತಿಂದು, ಈ ಚಳಿಯಲ್ಲಿ ಹಿಟ್ಟು ಹೇಗೆ ಉಬ್ಬುತ್ತದೆ ಎಂದು ಕೇಳಿದ್ದರು. ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ಇಡುತ್ತೇನೆ ಎಂದೆ. ಇಲ್ಲಿಯವರು ಟವೆಲ್ಲು ಬೆಚ್ಚಗಿಡುವ ಜಾಗ ಅದು, ಏರಿಂಗ್ ಕಬರ್ಡ್ ಅನ್ನುತ್ತಾರೆ. "ನಾನು ಬಿಯರ್ ಹುದುಗಿಸುವುದೂ ಅಲ್ಲೇ!" ಎಂದು ಹಿಗ್ಗಿದರು.

ಅವರ ಹೆಂಡತಿ ಜೋನ್ ಹಿಂದಿನ ವರ್ಷ ತೀರಿಕೊಂಡಿದ್ದರು. ಆಕೆಯ ಹುಟ್ಟುಹಬ್ಬಕ್ಕೆ ಹಳೆಯ ಗೆಳೆಯರು ಬರುವವರಿದ್ದರು. ಅವರಿಗೆ ಗಂಡಹೆಂಡತಿ ಕೂಡಿ ಮಾಡುತ್ತಿದ್ದ ಬಿಯರನ್ನೇ ಕೊಡಬೇಕೆಂದು ಮುದುಕರ ಆಸೆ. ಆದರೆ ಕೈ ನಡುಗುತ್ತಿತ್ತು.

ನಾನು ಹೋದಾಗ ಬಿಯರ್ ಆಗಲೇ ಹುದುಗಿತ್ತು. ಹುದುಗಿದ ಬಿಯರಿನಲ್ಲಿ ಗುಳ್ಳೆಯೇ ಇರುವುದಿಲ್ಲವಂತೆ, ಸಪ್ಪೆ. ಅದನ್ನು ಕೊಳವೆಯಿಂದ ಪ್ಲಾಸ್ಟಿಕ್ ಪೀಪಾಯಿಗೆ ಇಳಿಸಿ, ಕುದಿಸಿದ ನೀರಿನಲ್ಲಿ ಒಂದಿಷ್ಟು ಸಕ್ಕರೆ ಕರಗಿಸಿ ಹಾಕಿ, ಮುಚ್ಚಳ ಬಿಗಿಯಬೇಕು. ಉಳಿದ ಯೀಸ್ಟ್ ಆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಹೊರಗೆ ಹೋಗಲು ದಾರಿಯಿಲ್ಲದೆ ಗ್ಯಾಸ್ ಬಿಯರಿನಲ್ಲೇ ಕರಗುತ್ತದೆ. ನಾಲ್ಕು ದಿನ ಬೆಚ್ಚಗೆ, ಆಮೇಲೆ ಎರಡು ವಾರ ತಣ್ಣಗೆ ಇಡಬೇಕು. "ಎಂಬತ್ತು ಗ್ರಾಂ, ಅಷ್ಟೇ," ಎಂದು ಹೇಳಿ ರಾನ್ ಅಂಕಲ್ ಮುಚ್ಚಳದ ರಬ್ಬರ್ ಹುಡುಕಲು ಹೋದರು.

ತಕ್ಕಡಿಯ ಮುಳ್ಳು ಎಂಬತ್ತಕ್ಕೆ ಸರಿಯಾಗಿ ನಿಂತಿತು. ನಮ್ಮೂರ ಸಂತೆಯಲ್ಲಿ ಮೆಣಸಿನಕಾಯಿ ಮಾರುವವಳು ಕೂಡ ಅಳತೆ ಮುಗಿದ ಮೇಲೆ ಒಂದಿಷ್ಟು ಕೊಸರು ಹಾಕುತ್ತಾಳೆ. ಹೆಂಡತಿಯನ್ನು ಕಳೆದುಕೊಂಡ ಮನುಷ್ಯನಿಗೆ ಮುಳ್ಳು ನೋಡಿ ಸಕ್ಕರೆ ಹಾಕುವುದೇ? ನನ್ನ ಕೈ ತಾನಾಗಿ ಇನ್ನೆರಡು ಮುಷ್ಟಿ ಸೇರಿಸಿತು. ಅವರಿಗೆ ಹೇಳಲಿಲ್ಲ. ಕೊಸರನ್ನು ಯಾರಾದರೂ ಹೇಳಿ ಹಾಕುತ್ತಾರೆಯೇ?

ಹುಟ್ಟುಹಬ್ಬದ ಬೆಳಿಗ್ಗೆ ರಾನ್ ಅಂಕಲ್ ನನ್ನನ್ನು ಕರೆದರು. ಪೀಪಾಯಿಯ ಹೊಟ್ಟೆ ಉಬ್ಬಿತ್ತು. ನಲ್ಲಿ ತಿರುಗಿಸಿದರೆ ಗ್ಲಾಸಿನ ತುಂಬ ಬರೀ ನೊರೆ.

"ಸಕ್ಕರೆ ಎಷ್ಟು ಹಾಕಿದೆ?"

ಎಂಬತ್ತು ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಇಡೀ ಬೀದಿಯಲ್ಲಿ ನನಗೆಂದು ತೆರೆದದ್ದು ಈ ಒಂದು ಬಾಗಿಲು, ಇದೂ ಮುಚ್ಚಿದರೆ? ಆದರೂ ಆ ನಡುಗುವ ಕೈ ನೋಡುತ್ತ ಸುಳ್ಳು ಹೇಳಲಾಗಲಿಲ್ಲ. ಎಲ್ಲ ಹೇಳಿದೆ.

ಅವರು ಸ್ಟೂಲಿನ ಮೇಲೆ ಕುಳಿತರು. "ಅಂದೇ ಹೇಳಿದ್ದರೆ ಆಗಾಗ ಮುಚ್ಚಳ ಸಡಿಲಿಸುತ್ತಿದ್ದೆ. ಸಕ್ಕರೆ ಹಾಕಿದ್ದು ದೊಡ್ಡ ವಿಷಯವಲ್ಲ, ಹೇಳದಿದ್ದದ್ದು ತಪ್ಪು." ನನಗೆ ಅಳು ಬಂತು. "ಅಳಬೇಡ. ಟೀ ಮಾಡು, ಹೋಗು. ಸಾಮಾನೆಲ್ಲ ಒಲೆಯ ಪಕ್ಕದಲ್ಲಿದೆ," ಎಂದರು.

ಸಂಜೆಯವರೆಗೂ ಅದೇ ಕೆಲಸ. ಮುಚ್ಚಳ ಕೂದಲೆಳೆಯಷ್ಟು ಸಡಿಲಿಸುವುದು, ಸುಸ್ಸೆಂದು ಗ್ಯಾಸ್ ಹೋದ ಕೂಡಲೇ ಬಿಗಿಯುವುದು, ಅರ್ಧ ಗಂಟೆ ಕಾಯುವುದು. ಕಾಯುವಾಗ ಅವರು ಜೋನ್ ಬಗ್ಗೆ ಹೇಳಿದರು, ನಾನು ನಮ್ಮ ಓಣಿಯ ಬಗ್ಗೆ ಹೇಳಿದೆ. ಅಷ್ಟೊಂದು ಮಾತು ನಾನು ಈ ದೇಶದಲ್ಲಿ ಯಾರೊಂದಿಗೂ ಆಡಿರಲಿಲ್ಲ.

ಗೆಳೆಯರು ಬರುವ ಹೊತ್ತಿಗೆ ನೊರೆಯ ಕೆಳಗೆ ಬಿಯರೂ ಬಂತು. "ಇದು ಈಕೆಯ ಕೈಗುಣ," ಎಂದು ರಾನ್ ಅಂಕಲ್ ಎಲ್ಲರಿಗೂ ಸಾರಿದರು. ನಾನು ತುಟಿಗೆ ಸೋಂಕಿಸಿ ನೋಡಿದೆ, ಬೇವಿನ ಕಷಾಯದಷ್ಟು ಕಹಿ. ನಮ್ಮವರು ಕಿವಿಯಲ್ಲಿ, "ನಿಮ್ಮವ್ವಗ ಗೊತ್ತಾದ್ರ ನನ್ನ ಗತಿ ಏನ?" ಎಂದರು.

ಮರುದಿನವೇ ಅವ್ವನ ಫೋನು ಬಂತು. ದೂರದ ಊರಿನಲ್ಲಿ ಮಗಳಿಗೆ ಯಾರಿದ್ದಾರೆ ಎನ್ನುವುದೊಂದೇ ಆಕೆಯ ಕೊರಗು.

"ಬಾಜೂ ಮನಿಗೆ ಊಟಕ್ಕ ಹೋಗಿದ್ವಿ, ಅವ್ವಾ."

"ಬರಿಗೈಲೆ ಹೋಗಿದ್ದೇನು ಮತ್ತ?"

"ಇಲ್ಲವ್ವಾ. ಪಾನಕ ಮಾಡಿದ್ದೆ."

"ಎಲ್ಲಾರೂ ಕುಡದ್ರೇನು?"

"ಕುಡದ್ರು. ಇನ್ನಷ್ಟು ಕೊಡು ಅಂತ ಕೇಳಿ ಕುಡದ್ರು."

"ಹಂಗಾರ ನಿನಗ ಮಂದಿ ಸಿಕ್ರು ಬಿಡವಾ. ಇನ್ನ ನನಗ ನಿದ್ದಿ ಬರ್ತದ," ಎಂದಳು ಅವ್ವ. ಅವಳ ದನಿಯಲ್ಲಿ ಅಷ್ಟು ನೆಮ್ಮದಿ ಕೇಳಿ ಎಷ್ಟೋ ದಿನವಾಗಿತ್ತು. ರಾನ್ ಅಂಕಲ್‌ಗೆ ನಿಜ ಹೇಳಿದ ನನಗೆ, ಅದು ಪಾನಕವಲ್ಲ ಬಿಯರ್ ಎಂದು ಹೆತ್ತವಳಿಗೆ ಹೇಳಲಾಗಲಿಲ್ಲ.