ನನ್ನನ್ನು ನೋಡಲು ಬಂದ ಬೂಟು

ಈಗಿನ ಸಾಮಾನುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಕೆಟ್ ತಂದರೆ ಹಿಡಿಕೆ ಕೈಯಲ್ಲಿ, ಬಕೆಟ್ ಬಾವಿಯಲ್ಲಿ. ಕೊಡೆ ಬಿಚ್ಚಿದರೆ ಮಳೆಗಿಂತ ಮೊದಲು ಅದರ ಕಡ್ಡಿಯೇ ಕೆಳಗೆ. ಈ ರೋಗ ಮೊನ್ನೆ ಶುರುವಾದದ್ದೇನಲ್ಲ. ಎಂಬತ್ತರ ದಶಕದ ಕೊನೆಯಲ್ಲೇ ಅದು ಹಲಗೇರಿಯ ನಮ್ಮ ಮನೆಯ ಕಟ್ಟೆ ಹತ್ತಿ, ನನ್ನನ್ನೇ ಮದುವೆಯಾಗಲು ಬಂದಿತ್ತು.

ಹುಡುಗ ಬ್ಯಾಡಗಿಯವನು. ಅವನ ಅಪ್ಪನಿಗೆ ಬಜಾರದಲ್ಲಿ ಬೂಟು, ಚಪ್ಪಲಿಯ ದೊಡ್ಡ ಅಂಗಡಿ. ಮೆಣಸಿನಕಾಯಿ ಮಾರಿದ ರೈತರು ಕೈಗೆ ರೊಕ್ಕ ಬಂದ ಖುಷಿಯಲ್ಲಿ ನೆಟ್ಟಗೆ ಅಲ್ಲಿಗೇ ನುಗ್ಗುತ್ತಿದ್ದರು. ಸುಳ್ಳೇಕೆ ಹೇಳಲಿ, ಕಿಟಕಿಯಿಂದ ನೋಡಿದಾಗಲೇ ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ಎತ್ತರದ ಆಳು, ನಗುಮುಖ, ಕಾಲಲ್ಲಿ ಫಳಫಳ ಹೊಳೆಯುವ ಕರಿ ಬೂಟು.

ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಅಪ್ಪ ತಂಬಿಗೆ ಕೊಟ್ಟ. ಹುಡುಗ ಅಲ್ಲೇ ಬೂಟು ಬಿಚ್ಚಿ ಕಾಲು ತೊಳೆದು ಒಳಗೆ ಬಂದ. ಹರಿದ ನೀರು ಬೂಟಿನ ಬುಡದಲ್ಲಿ ನಿಂತುಕೊಂಡಿತು. ಉಪ್ಪಿಟ್ಟು, ಚಹಾ, ರೊಟ್ಟಿ ಬಡಿಯಲು ಬರುತ್ತದೆಯೇ ಎಂಬ ತನಿಖೆ ಎಲ್ಲ ಮುಗಿಸಿ ಅವನು ಹೊರಗೆ ಹೋಗಿ ಕಾಲು ತೂರಿಸಿದ್ದೇ ತಡ, ಬೂಟಿನ ತಳ ಬಾಯಿ ಬಿಟ್ಟಿತು. ತೊಗಲಿನ ಹೆಸರಲ್ಲಿ ಒಳಗೆ ತುರುಕಿದ್ದು ರಟ್ಟು! ಅದು ನೆನೆದ ಅವಲಕ್ಕಿಯ ಹಾಗೆ ಉಬ್ಬಿತ್ತು. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದು ಇದಕ್ಕೇ.

ನೀರು ಕೊಟ್ಟದ್ದೇ ತಪ್ಪಾಯಿತೇನೋ ಎಂದು ಅಪ್ಪ ಕೈ ಮುಗಿಯಲು ಹೋದ. ಜೊತೆಗೆ ಬಂದಿದ್ದ ಹುಡುಗನ ಅಪ್ಪ ಹೊಟ್ಟೆ ಕುಣಿಸಿ ನಕ್ಕ.

“ಹರೀಬೇಕ್ರೀ ಬೀಗರ. ಹರೀಲಿಲ್ಲಂದ್ರ ಗಿರಾಕಿ ಮತ್ತ ಅಂಗಡಿಗೆ ಯಾಕ ಬರ್ತಾನ? ನಾವ ಹೇಳಿ ಹಂಗ ಮಾಡಸ್ತೀವಿ.”

ಹೀಗೆಂದ ಆ ಪುಣ್ಯಾತ್ಮ ತಾನು ಮಾತ್ರ ಗಟ್ಟಿ ತೊಗಲಿನ, ಕೈಯಲ್ಲಿ ಹೊಲಿದ ಚಪ್ಪಲಿ ಮೆಟ್ಟಿದ್ದ. ಹುಡುಗನೂ ಅಪ್ಪನ ಜೊತೆ ನಕ್ಕ. ಹೊಲಿಸಿ ಕಳಿಸುತ್ತೇನೆ ಎಂದು ನಮ್ಮ ಅಪ್ಪ ಹೇಳಿದರೆ, ಹುಡುಗ, ಆ ಹೊಲಿಸುವ ದಗದ ಯಾರಿಗೆ ಬೇಕು, ತಿಪ್ಪೆಗೆ ಒಗೆಯಿರಿ, ಅಂಗಡಿಯಲ್ಲಿ ರಾಶಿ ಬಿದ್ದಿವೆ ಎಂದ. ಘನಕಾರ್ಯ ಮಾಡಿದವನಂತೆ ಬರಿಗಾಲಲ್ಲೇ ಬಸ್ಸಿಗೆ ನಡೆದ. ನನಗೆ ಹೇಸಿಗೆಯಾಯಿತು. ಮೆಣಸಿನಕಾಯಿ ಬಿಡಿಸಿ ಕೈ, ಕಣ್ಣು ಉರಿಸಿಕೊಂಡವರಿಗೆ ರಟ್ಟು ಕಟ್ಟಿ ಕೊಟ್ಟು, ಮೇಲೆ ನಗು ಬೇರೆ.

ವಾರದೊಳಗೆ ಬ್ಯಾಡಗಿಯಿಂದ ಒಬ್ಬ ಬಂದು, ಹುಡುಗಿ ಪಸಂದಾಗಿದ್ದಾಳೆ ಎಂದ. ಅವ್ವ ಸಕ್ಕರೆ ಡಬ್ಬಿಗೆ ಕೈ ಹಾಕಿದಳು. ನಾನು ಒಲ್ಲೆ ಎಂದೆ. ಒಂದು ಬೂಟಿಗಾಗಿ ಯಾರಾದರೂ ಸಂಬಂಧ ಬಿಡುತ್ತಾರೇನೇ ಹುಚ್ಚಿ, ಒಬ್ಬನೇ ಮಗ, ತುಂಬಿದ ಅಂಗಡಿ, ಇಂಥ ಮನೆ ಮತ್ತೆ ಬರುತ್ತದೆಯೇ ಎಂದು ಅವ್ವ ಬೈದು ಬೈದು ಕೊನೆಗೆ ಅತ್ತಳು. ಅಪ್ಪ ನನ್ನನ್ನು ಒಳಗೆ ಕರೆದು, ಯಾಕೆ ಒಲ್ಲೆ ಎಂದಷ್ಟೇ ಕೇಳಿದ.

“ಅಪ್ಪಾ, ನಾ ಸವದ ಮ್ಯಾಲ ಅವ್ರು ನನ್ನ ಏನ ಮಾಡ್ತಾರ?”

ಅಪ್ಪ ಹೊರಗೆ ಹೋಗಿ, ಬಂದವನಿಗೆ ಚಹಾ ಕುಡಿಸಿ, ಈ ಸಂಬಂಧ ನಮಗೆ ಬೇಡ ಎಂದು ಹೇಳಿ ಕಳಿಸಿದ.