ಅಂಟಿಕೊಂಡ ದನಿ

ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ಕಹಳೆ ಎಂದೇ. ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಬಾಯಿ ತೆರೆದಳೆಂದರೆ ಲಾರಿಗಳ ಗದ್ದಲ, ಹಮಾಲರ ಬೈಗುಳ ಎಲ್ಲ ಅದರಡಿ ಮುಳುಗಿಹೋಗುತ್ತಿದ್ದವು. ಮೈಕು ಕೊಡಿಸುತ್ತೇನೆಂದು ಮಂಡಿಯ ಯಜಮಾನ ಹೇಳಿದಾಗ, "ಅದಕ್ಕೆ ಕರೆಂಟ್ ಬೇಕು. ನನಗೆ ಒಂದು ಲೋಟ ಟೀ ಸಾಕು" ಎಂದು ನಕ್ಕಿದ್ದಳು.

ಮನೆಯಲ್ಲಿ ಆ ಗಂಟಲಿಗೆ ಬೇರೆಯೇ ಕೆಲಸವಿತ್ತು. ಅತ್ತೆಗೆ ಕಿವಿ ಮಂದ. ಸ್ವಂತ ಮಗ ಪಕ್ಕದಲ್ಲೇ ಕೂತು ಕಿರುಚಿದರೂ "ಆಂ?" ಎನ್ನುವ ಮುದುಕಿಗೆ ಸೊಸೆ ಅಡುಗೆಮನೆಯಿಂದ ಗೊಣಗಿದ್ದು ಕೂಡ ಕೇಳಿಸುತ್ತಿತ್ತು. ಬೆಳಗಾದರೆ ಇಬ್ಬರಿಗೂ ಜಗಳ. ಉಪ್ಪು ಹೆಚ್ಚಾಯಿತು ಎಂದು ಶುರುವಾದದ್ದು ಯಾರ ತವರು ಹೆಚ್ಚು ಎನ್ನುವವರೆಗೂ ಹೋಗುತ್ತಿತ್ತು. ಹೊಸದಾಗಿ ಬಾಡಿಗೆಗೆ ಬಂದವರು ಬಿಡಿಸಲು ಓಡಿ ಬಂದರೆ, ಅತ್ತೆ ಸೊಸೆಯ ತಲೆ ಬಾಚುತ್ತಾ ಕೂತಿರುತ್ತಿದ್ದಳು.

ದನಿ ಒಡೆಯತೊಡಗಿದಾಗ ಆಕೆ ಬಿಸಿನೀರು ಕುಡಿದು ದಿನ ತಳ್ಳಿದಳು. ಕೊನೆಗೆ ಗಂಡನೇ ಆಸ್ಪತ್ರೆಗೆ ಕರೆದೊಯ್ದ. ಗಂಟಲೊಳಗೆ ಸ್ವರ ಹೊರಡಿಸುವ ಎರಡು ಮಡಿಕೆಗಳ ಮೇಲೂ ಗುಳ್ಳೆಗಳೆದ್ದಿವೆ ಎಂದರು ಡಾಕ್ಟರು. "ಬಿಸಿ ಕೊಟ್ಟು ಸುಟ್ಟು ತೆಗೀತೀವಮ್ಮ. ರಕ್ತಾನೂ ಬರಲ್ಲ, ಸಂಜೆಗೆ ಮನೆಗೆ ಹೋಗಬಹುದು."

ಅವರು ಹೇಳಿದಂತೆಯೇ ಆಯಿತು. ಕೆಲವು ದಿನ ಬಾಯಿಗೆ ಬೀಗ ಹಾಕಿಕೊಂಡಿರಬೇಕು ಎಂಬ ಮಾತನ್ನೂ ಆಕೆ ಪಾಲಿಸಿದಳು. ಗಂಡ ತಾಯಿಯ ಕಿವಿಯಲ್ಲಿ ಅದನ್ನು ಕೂಗಿ ಹೇಳಿದ. ಅರ್ಧ ಕೇಳಿತು, ಅರ್ಧ ಇಲ್ಲ. "ಯಾಕೋ ಇವಳು ಮುಖ ಊದಿಸ್ಕೊಂಡಿದ್ದಾಳೆ?" ಎಂದಳು ಮುದುಕಿ.

ಮಾತಾಡಬಹುದೆಂದ ದಿನ ಆಕೆ ಮೊದಲು "ಅತ್ತೆ" ಎಂದಳು. ಬರೀ ಗಾಳಿ ಬಂತು.

ವಾರಗಳು ಕಳೆದರೂ ಅಷ್ಟೆ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟತೊಡಗಿತು. ಇನ್ನೊಂದು ಆಸ್ಪತ್ರೆಯಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು ಗಂಟಲೊಳಗಿನ ಚಿತ್ರ ತೋರಿಸಿದರು.

"ಬಿಸಿ ಗುಳ್ಳೆಯನ್ನಷ್ಟೇ ಸುಡಲ್ಲಮ್ಮ, ಪಕ್ಕದ್ದನ್ನೂ ಬೇಯಿಸುತ್ತೆ. ಎರಡು ಕಡೆಯೂ ಎದುರುಬದುರು ಹಸಿಗಾಯ ಆಯ್ತು. ವಾಸಿಯಾಗೋವಾಗ ಒಂದಕ್ಕೊಂದು ಅಂಟ್ಕೊಂಡುಬಿಟ್ಟಿವೆ. ಒಂದು ಬದಿ ಆರಿದ ಮೇಲೆ ಇನ್ನೊಂದನ್ನ ಮುಟ್ಟಬೇಕಿತ್ತು."

"ಬಿಡಿಸೋಕೆ ಆಗಲ್ವಾ ಮೇಡಂ?" ಎಂದ ಗಂಡ.

"ಆಗುತ್ತೆ. ಈ ಸಲ ಬಿಸಿ ಇಲ್ಲ, ಬರೀ ಕತ್ತರಿಯಲ್ಲೇ ಬಿಡಿಸ್ತೀನಿ. ಮತ್ತೆ ಅಂಟದ ಹಾಗೆ ಮಧ್ಯೆ ಒಂದು ತೆಳು ಹಾಳೆ ಇಟ್ಟು ಹೊಲೀತೀನಿ. ಅದನ್ನ ತೆಗೆಯೋವರೆಗೂ ಪಿಸುಗುಟ್ಟೋ ಹಾಗೂ ಇಲ್ಲ. ಹಳೇ ದನಿ ಬರುತ್ತೆ ಅಂತ ಮಾತ್ರ ನಾನು ಹೇಳಲ್ಲ."

ಆಪರೇಷನ್ ಆಯಿತು. ಹಾಳೆಯನ್ನು ಹಿಡಿದ ದಾರವನ್ನು ಕತ್ತಿನ ಹೊರಗೆ, ಅಂಗಿಗೆ ಹಾಕುವಂಥ ಒಂದು ಗುಂಡಿಗೆ ಬಿಗಿದಿದ್ದರು. ಅದೇ ದಿನಗಳಲ್ಲಿ ಅತ್ತೆಗೆ ಎದೆ ಕಟ್ಟಿ ಜ್ವರ ಏರಿತು. ಆಸ್ಪತ್ರೆ ಬೇಡವೆಂದು ಹಟ ಹಿಡಿದಳು. ಅಕ್ಷರ ಬಾರದ ಮುದುಕಿಗೆ, ಸೊಸೆ ಯಾಕೆ ಮಾತಾಡುತ್ತಿಲ್ಲವೆಂದು ಬರೆದು ತೋರಿಸುವಂತೆಯೂ ಇಲ್ಲ.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದ ಸೊಸೆಯ ಕೈ ಹಿಡಿದು ಕೇಳಿದಳು. "ಅಷ್ಟೊಂದು ಬೈತಿದ್ದೆ ಅಂತ ಮಾತು ಬಿಟ್ಟೆಯೇನೇ?"

ಆಕೆ ಇಲ್ಲ ಇಲ್ಲವೆಂದು ತಲೆಯಾಡಿಸಿದಳು. ಮುದುಕಿಯ ಬೆರಳುಗಳನ್ನು ಎತ್ತಿ ತನ್ನ ಕತ್ತಿನ ಗುಂಡಿಯ ಮೇಲಿಟ್ಟಳು.

"ಅಯ್ಯೋ, ಇಲ್ಲಿ ಯಾರೇ ಗುಂಡಿ ಹೊಲಿದೋರು? ನೋವಾಗುತ್ತಾ?" ಮುದುಕಿ ಸುತ್ತಲೂ ಮೆಲ್ಲಗೆ ಸವರಿದಳು. ಆಮೇಲೆ ಮಗುವಿನಂತೆ ಕೇಳಿದಳು. "ಹೋಗ್ಲಿ, ಒಂದೇ ಒಂದ್ಸಲ ಬೈಯೇ. ಕೇಳಿಸ್ಕೊಂಡು ಮಲಗ್ತೀನಿ."

ಸೊಸೆ ಬಗ್ಗಿ ಅವಳ ಕಿವಿಗೆ ಬಾಯಿ ಇಟ್ಟಳು. ಗಂಡ ಓಡಿ ಬಂದು ಭುಜ ಹಿಡಿದ. "ಬೇಡ ಕಣೇ. ಡಾಕ್ಟರಮ್ಮ ಏನು ಹೇಳಿದ್ರು? ಮಾಡಿದ್ದೆಲ್ಲ ಹಾಳಾಗುತ್ತೆ."

ಆಕೆ ತುಟಿ ಕಚ್ಚಿ ಎದ್ದಳು. ಸಂಜೆ ದೀಪ ಹಾಕುವ ಹೊತ್ತಿಗೆ ಅತ್ತೆಯ ಉಸಿರು ನಿಂತಿತ್ತು.

ಹಾಳೆ ತೆಗೆದ ಮೇಲೆ ದನಿಯೇನೋ ಬಂತು. ತಗ್ಗಿದ, ಒರಟು ದನಿ, ಎದುರು ಕೂತವರಿಗೆ ಕೇಳುವಷ್ಟು. ಮಂಡಿಯವರು ಅವಳಿಗಾಗಿ ಒಂದು ದಿನ ಲಾರಿಗಳನ್ನೇ ನಿಲ್ಲಿಸಿ ಸುಮ್ಮನೆ ನಿಂತರು. ಎರಡು ಬುಟ್ಟಿ ಹರಾಜು ಮಾಡಿದಳು, ಮೂರನೆಯದಕ್ಕೆ ತಾನಾಗಿಯೇ ಕೆಳಗಿಳಿದಳು. ಈಗ ತೂಕದ ಕಟ್ಟೆಯಲ್ಲಿ ಕೂರುತ್ತಾಳೆ. ತೂಕ ಕೇಳಲು ಎಲ್ಲರೂ ಬಗ್ಗಿ ಕಿವಿ ಕೊಡುವುದನ್ನು ನೋಡಿ, ಏನು ಗುಟ್ಟಮ್ಮ ನಿಂದು ಎಂದು ಹಮಾಲರು ಚುಡಾಯಿಸುತ್ತಾರೆ. ಆಕೆ ನಗುವುದೂ ಉಂಟು.

ಅತ್ತೆಯ ಮಂಚ ಬಿಚ್ಚಿ ಗೋಡೆಗೆ ಒರಗಿಸಿದ ದಿನ ಆಕೆ ಗಂಡನಿಗೆ ಹೇಳಿದಳು. "ಅವತ್ತು ಬೈದುಬಿಡಬೇಕಿತ್ತು."

"ಬೈದಿದ್ರೆ ಇರೋ ದನೀನೂ ಹೋಗ್ತಿತ್ತು."

"ಹೋಗ್ತಿತ್ತೇನೋ. ಇದನ್ನ ಇಟ್ಕೊಂಡು ನಾನು ಯಾರನ್ನ ಬೈಲಿ?"

ಅವನು ಮಂಚದ ನಾಲ್ಕು ಕಾಲುಗಳನ್ನು ಒಟ್ಟುಗೂಡಿಸಿ ಹಗ್ಗ ಸುತ್ತುತ್ತಲೇ ಇದ್ದ.